ಸರ್ವಿಸ್ ಬಸ್ಸಿನಲ್ಲಿ ಕೆಥೆಡ್ರಲ್ ಯಾತ್ರೆ

ಇಗರ್ಜಿಯಿಂದ ಯಾತ್ರೆ ಹೊರಡುವುದೆಂದು ನಿಶ್ಚಯವಾದರೆ ನಮ್ಮ ಕರಾವಳಿಯಲ್ಲಿ ಮೊದಲು ಏಳುವ ಪ್ರಶ್ನೆ ಬಸ್ಸಿನದ್ದು. ವೇಲಂಕಣಿಗಾದರೆ ಸ್ಲೀಪರ್ ಬೇಕು, ಗೋವಾಕ್ಕಾದರೆ ಎಸಿ ಇದ್ದರೆ ಒಳ್ಳೆಯದು, ಹತ್ತಿರದ ಅತ್ತೂರಿಗೂ ಒಂದು ಮಿನಿ ಬಸ್ಸು ಗೊತ್ತುಮಾಡಿಬಿಡೋಣ ಎನ್ನುತ್ತಾರೆ. ಗೊತ್ತುಮಾಡಿದ ಬಸ್ಸು ಇಗರ್ಜಿಯ ಅಂಗಳಕ್ಕೇ ಬಂದು ನಿಲ್ಲುತ್ತದೆ. ಮುಂದಿನ ಗಾಜಿಗೆ ಬ್ಯಾನರ್ ಏರುತ್ತದೆ, ವಿಗಾರರು ಬಂದು ಪವಿತ್ರ ಜಲ ಚಿಮುಕಿಸುತ್ತಾರೆ. ಬಾಗಿಲು ಹಾಕಿದ ಮೇಲೆ ಒಳಗಿರುವವರೆಲ್ಲ ನಮ್ಮವರೇ. ಹಾಡು ನಮ್ಮದು, ತೇರ್ಸು ಎಂಬ ಜಪಸರ ಪ್ರಾರ್ಥನೆ ನಮ್ಮದು, ತಿಂಡಿಯ ಡಬ್ಬವೂ ನಮ್ಮದು. ಇದರಲ್ಲಿ ತಪ್ಪೇನೂ ಇಲ್ಲ. ಮೊಣಕಾಲು ನೋವಿನ ಎಷ್ಟೋ ಅಜ್ಜಿಯಂದಿರು ವೇಲಂಕಣಿ ಮಾತೆಯ ಮುಖ ಕಂಡದ್ದು ಇಂಥ ಬಸ್ಸುಗಳ ದೆಸೆಯಿಂದಲೇ. ಆದರೂ ಊರಿನ ಸರ್ವಿಸ್ ಬಸ್ಸು ಹತ್ತಿ, ಟಿಕೇಟು ತೆಗೆದು, ಸಿಕ್ಕಿದ ಸೀಟಿನಲ್ಲಿ ಕೂತು ಒಂದು ಕೆಥೆಡ್ರಲ್‌ನಿಂದ ಇನ್ನೊಂದಕ್ಕೆ ಹೋಗುವ ಯಾತ್ರೆಯಲ್ಲಿ ಬೇರೆಯೇ ಒಂದು ಫಲವಿದೆ. ಅದನ್ನು ನಾಲ್ಕು ಜನಕ್ಕೆ ಹೇಳಬೇಕೆಂದು ಬಹಳ ದಿನಗಳಿಂದ ಅನಿಸುತ್ತಿತ್ತು.

ಈ ಯೋಚನೆ ನಮ್ಮ ವಾಡೊದ ಗುರ್ಕಾರರದ್ದು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಮಂಗಳೂರು ಕಡೆಯ ಕಥೋಲಿಕ ಇಗರ್ಜಿಗಳಲ್ಲಿ ಊರನ್ನು ವಾಡೊಗಳಾಗಿ ವಿಂಗಡಿಸಿರುತ್ತಾರೆ. ಪ್ರತಿ ವಾಡೊಗೆ ಒಬ್ಬ ಗುರ್ಕಾರ. ಮನೆಯಲ್ಲಿ ಕಾಯಿಲೆಯಾದರೆ, ಮದುವೆ ಗೊತ್ತಾದರೆ, ಮಗ ಕೊಲ್ಲಿಯಿಂದ ಕೆಲಸ ಬಿಟ್ಟು ಬಂದರೆ ಮೊದಲು ತಿಳಿಯುವುದು ಅವರಿಗೆ. ಅಂಥವರು ಒಂದು ಸಂಜೆ ತೇರ್ಸು ಮುಗಿದ ಮೇಲೆ ಎಲ್ಲರನ್ನೂ ಕೂರಿಸಿಕೊಂಡು, "ಇದು ಜುಬಿಲಿ ವರ್ಷ. ರೋಮಿಗೆ ಹೋಗುವ ಶಕ್ತಿ ನಮ್ಮಲ್ಲಿ ಎಷ್ಟು ಮಂದಿಗಿದೆ? ನಮ್ಮ ಕೆಥೆಡ್ರಲ್‌ಗಳಿಗಾದರೂ ಹೋಗಿ ಬರುವ. ಬಸ್ಸು ಗೊತ್ತುಮಾಡುವುದು ಬೇಡ, ಬಸ್ಸಿನಲ್ಲೇ ಹೋಗುವ" ಎಂದರು.

2025 ಜುಬಿಲಿ ವರ್ಷವಾಗಿತ್ತು. 1300ರಲ್ಲಿ ಎಂಟನೆಯ ಬೋನಿಫಾಸ್ ಪೋಪರು ಆರಂಭಿಸಿದ ಈ ಪದ್ಧತಿ ಈಗ ಇಪ್ಪತ್ತೈದು ವರ್ಷಕ್ಕೊಮ್ಮೆ ಬರುತ್ತದೆ. ಈ ಸಲದ್ದನ್ನು ಪೋಪ್ ಫ್ರಾನ್ಸಿಸ್ 2024ರ ಕ್ರಿಸ್ಮಸ್ ಹಿಂದಿನ ರಾತ್ರಿ ರೋಮಿನಲ್ಲಿ ಉದ್ಘಾಟಿಸಿದರು. ಐದು ದಿನ ಕಳೆದು ಡಿಸೆಂಬರ್ 29ರಂದು ಲೋಕದ ಎಲ್ಲ ಕೆಥೆಡ್ರಲ್‌ಗಳಲ್ಲಿ ಆಯಾ ಬಿಷಪರು ಬಲಿಪೂಜೆ ಅರ್ಪಿಸಿ ಅದನ್ನು ತಮ್ಮ ತಮ್ಮ ಧರ್ಮಪ್ರಾಂತಗಳಿಗೆ ತರಬೇಕೆಂದು ವಿಧಿಸಿದ್ದರು. 'ಭರವಸೆಯ ಯಾತ್ರಿಕರು' ಎಂಬುದು ಆ ವರ್ಷದ ಧ್ಯೇಯ. ಅದನ್ನು ಕೊಟ್ಟ ಪೋಪರು ವರ್ಷ ಮುಗಿಯುವುದನ್ನು ಕಾಣಲಿಲ್ಲ. 2025ರ ಏಪ್ರಿಲ್ 21ರಂದು, ಈಸ್ಟರ್ ಮರುದಿನ, ತೀರಿಕೊಂಡರು. 2026ರ ಜನವರಿ 6ರಂದು ಜುಬಿಲಿಗೆ ಮಂಗಳ ಹಾಡಿದವರು ಹದಿನಾಲ್ಕನೆಯ ಲಿಯೊ.

ಕೆಥೆಡ್ರಲ್ ಎಂದರೆ ಬಿಷಪರ ಪೀಠವಿರುವ ಇಗರ್ಜಿ. ಎಲ್ಲಕ್ಕಿಂತ ದೊಡ್ಡದಿರಬೇಕು, ಚೆಂದವಿರಬೇಕು ಎಂದೇನೂ ಇಲ್ಲ. ಮಂಗಳೂರಿಗೆ ಬಂದ ಪ್ರವಾಸಿಗಳು ನೇರ ಹೋಗುವುದು ಲೈಟ್‌ಹೌಸ್ ಹಿಲ್ಲಿನ ಸಂತ ಅಲೋಶಿಯಸ್ ಚಾಪೆಲಿಗೆ. ಇಟಲಿಯ ಜೆಸ್ವಿತ್ ಬ್ರದರ್ ಅಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಗೋಡೆ, ಛಾವಣಿಗಳ ತುಂಬ ಬರೆದ ಚಿತ್ರಗಳು ಅಲ್ಲಿವೆ; ನೋಡಲೇಬೇಕಾದವು. ಹರಕೆ ಹೊತ್ತವರು ಬಿಕರ್ನಕಟ್ಟೆಯ ಬಾಲ ಯೇಸುವಿನ ಹತ್ತಿರ ಹೋಗುತ್ತಾರೆ, ಜನವರಿಯಲ್ಲಿ ಅತ್ತೂರಿನ ಸಾಂತ್ ಲಾವ್ರೆಸನ ಜಾತ್ರೆಗೆ ಹೋಗುತ್ತಾರೆ. ಅತ್ತೂರು 2016ರಲ್ಲಿ ಬಸಿಲಿಕ ಆಯಿತು, ಜನ ಮೊದಲೇ ಕಿಕ್ಕಿರಿಯುತ್ತಿದ್ದರು. ಕೆಥೆಡ್ರಲ್‌ಗೆ ಮಾತ್ರ ಹರಕೆಯವರು ಅಷ್ಟಾಗಿ ಬರುವುದಿಲ್ಲ. ಏನನ್ನೂ ಕೇಳದೆ, ನಾವೆಲ್ಲ ಒಂದು ಮನೆಯವರು ಎಂದು ನೆನಪಿಸಿಕೊಳ್ಳಲು ಹೋಗುವ ಜಾಗ ಅದು. ಅಲ್ಲಿಗೆ ಯಾತ್ರೆ ಹೋಗಬೇಕೆನ್ನುವುದೇ ನನಗೆ ಬಹಳ ಹಿಡಿಸಿತು.

ಗುರ್ಕಾರರು ಹೇಳಿದ್ದು ಎರಡು ಕೆಥೆಡ್ರಲ್: ಮಂಗಳೂರಿನ ರೊಸಾರಿಯೊ, ಕಲ್ಯಾಣಪುರದ ಮಿಲಾಗ್ರಿಸ್. ಆದರೆ ಆ ಬಸ್ಸಿನ ದಾರಿಯಲ್ಲಿ ಇನ್ನೂ ಎರಡು ಕೆಥೆಡ್ರಲ್‌ಗಳಿವೆಯಲ್ಲ ಎಂದು ಒಬ್ಬ ಕಾಲೇಜು ಹುಡುಗಿ ನೆನಪಿಸಿದಳು. ಬಲ್ಮಠದ ಶಾಂತಿ ಕೆಥೆಡ್ರಲ್ ಸಿಎಸ್‌ಐನವರದ್ದು, ಬ್ರಹ್ಮಾವರದ ಸೇಂಟ್ ಮೇರೀಸ್ ಸಿರಿಯನ್ ಆರ್ಥೊಡಾಕ್ಸಿನವರದ್ದು. ಅವು ನಮ್ಮ ಬಿಷಪರ ಕೆಳಗೆ ಬರುವುದಿಲ್ಲ, ಜುಬಿಲಿಗೂ ಸಂಬಂಧವಿಲ್ಲ ಎಂದು ಒಬ್ಬರು. ಹೋದರೆ ಯಾರು ಬೇಡ ಅನ್ನುತ್ತಾರೆ ಎಂದು ಇನ್ನೊಬ್ಬರು. ಕೊನೆಗೆ ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಹೆಂಗಸೊಬ್ಬರು, "ದಾರಿಯಲ್ಲಿ ದಾಯಾದಿಯ ಮನೆ ಸಿಕ್ಕಿದರೆ ಒಳಗೆ ಹೋಗದೆ ಮುಂದೆ ಹೋಗುತ್ತೀರಾ?" ಎಂದರು. ಅಲ್ಲಿಗೆ ನಾಲ್ಕೂ ನಿಶ್ಚಯವಾದವು.

ರೊಸಾರಿಯೊ ಇರುವುದು ಪಾಂಡೇಶ್ವರದ ಬಳಿ, ಹಳೆ ಬಂದರಿನ ಮಗ್ಗುಲಲ್ಲಿ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗಬಹುದು. ಬೆಳಗಿನ ಪೂಜೆಯ ಹೊತ್ತಿಗೆ ಹೋದರೆ ದಕ್ಕೆಯ ಕಡೆಯಿಂದ ಮೀನಿನ ವಾಸನೆಯ ಗಾಳಿ ಬರುತ್ತದೆ. ಪೋರ್ಚುಗೀಸರು 1568ರಲ್ಲಿ ಕಟ್ಟಿಸಿದ ಇಗರ್ಜಿ ಇದು. 1623ರಲ್ಲಿ ಈ ಕಡೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ, ಉಳ್ಳಾಲದ ರಾಣಿಯನ್ನು ಕಂಡು ಅವಳ ವಿಷಯ ಬರೆದವನು, ಮಂಗಳೂರು ಕೋಟೆಯೊಳಗಿನ ಈ ರೊಸಾರಿಯೊವನ್ನೂ ಹೆಸರಿಸಿದ್ದಾನೆ. 1784ರಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ಕೆನರಾದ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು, ಇಗರ್ಜಿಗಳನ್ನು ಕೆಡವಿದರು. ಬೂದಿ ಬುಧವಾರ ಶುರುವಾದ ಆ ಸೆರೆವಾಸ 1799ರವರೆಗೆ. ಬದುಕಿ ಬಂದವರು 1813ರಲ್ಲಿ ರೊಸಾರಿಯೊವನ್ನು ಮತ್ತೆ ಎಬ್ಬಿಸಿದರು. ಈಗ ಕಾಣುವ ಗುಮ್ಮಟದ ಕಟ್ಟಡ ಅದಕ್ಕೂ ನೂರು ವರ್ಷ ಈಚಿನದು.

ಹಳೆಯ ಇಗರ್ಜಿಯದ್ದೆಂದು ಉಳಿದಿರುವುದರಲ್ಲಿ ಪೋರ್ಚುಗಲ್ ರಾಜನ ಲಾಂಛನ ಕೆತ್ತಿದ ಒಂದು ಕಲ್ಲಿದೆ. ನಾನು ಅದರ ಮುಂದೆ ತುಸು ಹೊತ್ತು ನಿಂತೆ. ರಾಜನ ಆಳ್ವಿಕೆ ಹೋಯಿತು, ಕೋಟೆ ಹೋಯಿತು, ಆ ಕಲ್ಲನ್ನು ಕೂರಿಸಿದ್ದ ಗೋಡೆಯೂ ಹೋಯಿತು. ಸೆರೆಯಿಂದ ಬರಿಗೈಯಲ್ಲಿ ಹಿಂದಿರುಗಿದ ಜನ ಇಗರ್ಜಿ ಕಟ್ಟಿಕೊಂಡರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇವತ್ತೂ ಆರು ಗಂಟೆಯ ಪೂಜೆಗೆ ಬಂದು ಕೊಂಕಣಿಯಲ್ಲಿ ಹಾಡುತ್ತಾರೆ. ಹಾಡಿನ ಪುಸ್ತಕದ ಅಕ್ಷರ ಕನ್ನಡದ್ದು. ಮಂಗಳೂರು ಧರ್ಮಪ್ರಾಂತದ ಕೊಂಕಣಿ ವಾರಪತ್ರಿಕೆ 'ರಾಕ್ಣೊ' 1938ರಿಂದ ಅಚ್ಚಾಗುತ್ತಿರುವುದೂ ಕನ್ನಡ ಲಿಪಿಯಲ್ಲೇ. ನಮ್ಮ ಅಜ್ಜಿಯಂದಿರಲ್ಲಿ ಎಷ್ಟೋ ಮಂದಿಗೆ ಕನ್ನಡ ಅಕ್ಷರ ಗಟ್ಟಿಯಾದದ್ದು ರಾಕ್ಣೊ ಓದಿ.

ಕನ್ನಡ ಅಕ್ಷರದ ಮಾತು ಬಂದದ್ದು ಒಳ್ಳೆಯದಾಯಿತು, ಮುಂದಿನ ನಿಲ್ದಾಣ ಬಲ್ಮಠ. ಸಿಟಿ ಬಸ್ಸಿನಲ್ಲಿ ಹತ್ತು ನಿಮಿಷವೂ ಬೇಡ. ಜ್ಯೋತಿ ಬಸ್‌ಸ್ಟಾಪಿನ ಹತ್ತಿರ ಇಳಿದು ಗುಡ್ಡೆ ಏರಿದರೆ ಸಾಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಬೇರೂರಿದ ಗುಡ್ಡೆ ಇದು. ಇಲ್ಲಿನ ಮಿಶನ್ ಪ್ರೆಸ್ 1841ರಲ್ಲಿ ಶುರುವಾಯಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದರು; ಆ ದಿನವನ್ನೇ ನಾವು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಕಿಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಇದೇ ಪ್ರೆಸ್ಸಿನಲ್ಲಿ. 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಒಂದಾದಾಗ ಇಲ್ಲಿನ ಮಿಶನ್ ಸಭೆಗಳು ಅದರೊಳಕ್ಕೆ ಸೇರಿದವು. ಶಾಂತಿ ಈಗ ಸಿಎಸ್‌ಐ ಕರ್ನಾಟಕ ದಕ್ಷಿಣ ಸಭಾಪ್ರಾಂತದ ಕೆಥೆಡ್ರಲ್. ಪ್ರಾರ್ಥನೆ ಕನ್ನಡದಲ್ಲಿ. ನಮ್ಮ ಗುಂಪಿನ ಹೆಚ್ಚಿನವರು ಹುಟ್ಟಿನಿಂದ ಮಂಗಳೂರಿನಲ್ಲೇ ಇದ್ದೂ ಒಳಗೆ ಕಾಲಿಟ್ಟಿರಲಿಲ್ಲ. ಒಳಗೆ ಮೂರ್ತಿಗಳಿಲ್ಲ, ಮೇಣದಬತ್ತಿಯ ಸಾಲಿಲ್ಲ. ನಮ್ಮ ಹೆಂಗಸರಿಗೆ ಕೈ ಮುಗಿಯುವುದು ಎಲ್ಲಿ ಎಂದು ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ಬೆಂಚಿನಲ್ಲಿ ಕೂತು ಕಣ್ಣು ಮುಚ್ಚಿದರು. ಅಲ್ಲಿದ್ದ ಒಬ್ಬರು ಕನ್ನಡ ಬೈಬಲಿನಿಂದ ಒಂದು ಭಾಗ ಓದಿ ನಮ್ಮ ಪ್ರಯಾಣಕ್ಕಾಗಿ ಬೇಡಿಕೊಂಡರು. ಎಷ್ಟು ಹತ್ತಿರ, ಎಷ್ಟು ವರ್ಷ ತಡ ಎಂದು ನನಗೆ ನಿಜವಾಗಿಯೂ ಸಂಕಟವಾಯಿತು.

ಇನ್ನು ಬಸ್ಸು. ಸೀಟು ಬೇಕಾದರೆ ಬಸ್ಸು ಹೊರಡುವಲ್ಲೇ ಹತ್ತಬೇಕು, ಆದ್ದರಿಂದ ಮತ್ತೆ ಸ್ಟೇಟ್‌ಬ್ಯಾಂಕಿಗೆ. ಮಂಗಳೂರು–ಉಡುಪಿ ದಾರಿ ಖಾಸಗಿ ಬಸ್ಸಿನವರದ್ದು. ಸಿಪಿಸಿ, ಹನುಮಾನ್, ಶಂಕರ್ ವಿಠಲ್ ಮುಂತಾದ ಹೆಸರುಗಳು ಹಿರಿಯರ ಬಾಯಲ್ಲಿ ಇನ್ನೂ ಇವೆ. ಆ ಪರಂಪರೆ ಮುಂದುವರಿದು ಈಗಲೂ ಐದು ಹತ್ತು ನಿಮಿಷಕ್ಕೊಂದು ಬಸ್ಸು ಹೊರಡುತ್ತದೆ. ಎಕ್ಸ್‌ಪ್ರೆಸ್ ಎಲ್ಲ ಕಡೆ ನಿಲ್ಲುವುದಿಲ್ಲ. ಸರ್ವಿಸ್ ಬಸ್ಸು ಕೈ ತೋರಿಸಿದಲ್ಲೆಲ್ಲ ನಿಲ್ಲುತ್ತದೆ. ಗುರ್ಕಾರರು ಬೇಕೆಂದೇ ಸರ್ವಿಸ್ ಬಸ್ಸನ್ನು ಆರಿಸಿದರು. ಗುಂಪನ್ನು ಎರಡು ಪಾಲು ಮಾಡಿ ಒಂದರ ಹಿಂದೆ ಒಂದು ಬಸ್ಸಿಗೆ ಹತ್ತಿಸಿದರು. ಒಂದೇ ಬಸ್ಸಿಗೆ ಎಲ್ಲರೂ ನುಗ್ಗಿದರೆ ಕೂಳೂರಿನಲ್ಲಿ ಕೆಲಸಕ್ಕೆ ಹೋಗುವವರು ನಿಲ್ಲುವುದೆಲ್ಲಿ ಎಂಬುದು ಅವರ ಯೋಚನೆ. ಈ ಒಂದು ಎಚ್ಚರವನ್ನು ಎಲ್ಲ ಯಾತ್ರಿಕರೂ ಕಲಿಯಬೇಕು.

ಕಂಡಕ್ಟರ್ ಹುಡುಗ ನಮ್ಮನ್ನು ಕಂಡವನೇ "ಬಾಯಮ್ಮ, ದುಂಬು ಪೋಲೆ, ದುಂಬು ಪೋಲೆ" ಎಂದು ಮುಂದಕ್ಕೆ ಕಳಿಸಿದ. ತುಳುವರು ನಮ್ಮ ಹೆಂಗಸರನ್ನು ಬಾಯಮ್ಮ ಎಂದೂ ಗಂಡಸರನ್ನು ಪೊರ್ಬು ಎಂದೂ ಕರೆಯುವುದು ಹಿಂದಿನಿಂದ ಬಂದ ರೂಢಿ. ಅದರಲ್ಲಿ ಸಲಿಗೆಯಿದೆ, ಮರ್ಯಾದೆಯೂ ಇದೆ. ಡ್ರೈವರನ ತಲೆಯ ಮೇಲೆ ಗಣಪತಿ, ಯೇಸು, ಕಾಬಾ ಮೂರೂ ಪಟಗಳು ಒಂದೇ ಚೌಕಟ್ಟಿನಲ್ಲಿ. ಅದರ ಮುಂದೆ ಒಂದು ಮಲ್ಲಿಗೆ ಮಾಲೆ. ಸಿಳ್ಳೆ ಊದಿ "ರೈಟ್ ಪೋಯಿ" ಎಂದದ್ದೇ ಬಸ್ಸು ಹೊರಟಿತು.

ಹೆಂಗಸರೆಲ್ಲ ಟಿಕೇಟು ತೆಗೆದರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೇಟಿನ ದುಡ್ಡಿಲ್ಲ. ರಾಜ್ಯದ ಉಳಿದೆಡೆ ಹೆಂಗಸರು ದೇವಸ್ಥಾನ, ದರ್ಗಾ, ತವರುಮನೆ ಎಂದು ಧೈರ್ಯವಾಗಿ ಓಡಾಡುತ್ತಿದ್ದಾರೆ. ನಮ್ಮ ಈ ಹೆದ್ದಾರಿಯಲ್ಲಿ ಅಂಥ ಬಸ್ಸು ಕಮ್ಮಿ. ಬೀಡಿ ಕಟ್ಟಿ, ಮಲ್ಲಿಗೆ ಕಟ್ಟಿ ದುಡಿಯುವ ಕರಾವಳಿಯ ಹೆಂಗಸರಿಗೂ ಆ ಸವಲತ್ತು ಸಿಗಬೇಕು. ಖಾಸಗಿ ಬಸ್ಸಿನವರ ಹೊಟ್ಟೆಗೆ ಹೊಡೆಯದೆ ಅದನ್ನು ಹೇಗೆ ಮಾಡಬಹುದು ಎಂದು ತಿಳಿದವರು ಕೂತು ಯೋಚಿಸಬೇಕು.

ತೇರ್ಸು ಹೇಗೆ ಮಾಡುವುದೆಂಬ ಚರ್ಚೆ ಹೊರಡುವ ಮುಂಚೆಯೇ ಆಗಿತ್ತು. ಗಟ್ಟಿಯಾಗಿ ಹೇಳಿದರೆ ಉಳಿದವರಿಗೆ ತೊಂದರೆ. ಆದ್ದರಿಂದ ಇಬ್ಬಿಬ್ಬರು ಜೊತೆಯಾಗಿ, ಪಕ್ಕದವರಿಗೆ ಮಾತ್ರ ಕೇಳುವಂತೆ, ಬೆರಳಲ್ಲಿ ಮಣಿ ಎಣಿಸುತ್ತ ಹೇಳುವುದೆಂದಾಯಿತು. ಪಣಂಬೂರು ದಾಟುವಾಗ ಮೊದಲ ರಹಸ್ಯ, ಮುಕ್ಕದ ಹತ್ತಿರ ಎರಡನೆಯದು. ದಾರಿಯುದ್ದಕ್ಕೂ ಹೊಳೆಗಳು: ಗುರುಪುರ ಹೊಳೆ ಕೂಳೂರಿನಲ್ಲಿ, ಶಾಂಭವಿ ಮೂಲ್ಕಿಯಲ್ಲಿ, ಪಾಪನಾಶಿನಿ ಉದ್ಯಾವರದಲ್ಲಿ, ಸ್ವರ್ಣಾ ಕಲ್ಯಾಣಪುರ ದಾಟಿದ ಮೇಲೆ. ಸೇತುವೆಗಳಿಲ್ಲದ ಕಾಲದಲ್ಲಿ ಕಲ್ಯಾಣಪುರದ ವಿಗಾರರು ಮಂಗಳೂರಿನ ಬಿಷಪರನ್ನು ಕಾಣಬೇಕಾದರೆ ಸ್ವರ್ಣಾ ಬಿಟ್ಟು ಉಳಿದ ಹೊಳೆಗಳನ್ನೆಲ್ಲ ದೋಣಿಯಲ್ಲಿ ದಾಟಬೇಕಿತ್ತು. ಮಳೆಗಾಲದಲ್ಲಿ ಹೊಳೆ ಉಕ್ಕಿದರೆ ಅಲ್ಲೇ ಕಾಯಬೇಕು. ಇವತ್ತು ಅರುವತ್ತು ಕಿಲೋಮೀಟರ್ ದಾರಿಯಲ್ಲಿ ನಮಗೆ ಸೇತುವೆ ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ. ಸರ್ವಿಸ್ ಬಸ್ಸಿನಲ್ಲಾದರೆ ಕಿಟಕಿ ತೆರೆದಿರುವುದರಿಂದ ಪ್ರತಿ ಹೊಳೆಯ ಗಾಳಿ ಮುಖಕ್ಕೆ ತಾಗುತ್ತದೆ.

ಮೂಲ್ಕಿಯಲ್ಲಿ ಹತ್ತಿದ ಒಬ್ಬ ಅಜ್ಜಿ ನನ್ನ ಪಕ್ಕದ ಬಾಯಮ್ಮನ ಹತ್ತಿರ ಕೂತರು. ಕೈಯಲ್ಲಿ ಸ್ಕ್ಯಾನಿಂಗಿನ ದೊಡ್ಡ ಲಕೋಟೆ. ಸ್ವಲ್ಪ ಹೊತ್ತು ಜಪಸರವನ್ನೇ ನೋಡಿ, "ಓಡೆಗ್ ಪೋಪಿನಿ ಬಾಯಮ್ಮ?" ಎಂದು, ಎಲ್ಲಿಗೆ ಹೊರಟದ್ದೆಂದು ಕೇಳಿದರು. ಬಾಯಮ್ಮ ಹೇಳಿದರು. ಅಜ್ಜಿ ಗಂಡನ ಕಾಯಿಲೆಯ ವಿಷಯ ತೆಗೆದರು. ಉಡುಪಿಗೆ ಡಾಕ್ಟರಿಗೆ ಲಕೋಟೆ ತೋರಿಸಲು ಹೊರಟಿದ್ದರು. ಕಾಪು ಬರುವಷ್ಟರಲ್ಲಿ ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿಯ ನೋಟು ಕೊಟ್ಟು, ಅವರ ಹೆಸರಿನಲ್ಲಿ ಒಂದು ಕ್ಯಾಂಡಲ್ ಹಚ್ಚಿ ಎಂದರು. ಅತ್ತೂರಿಗೆ, ಬಿಕರ್ನಕಟ್ಟೆಗೆ ಎಲ್ಲ ಜಾತಿಯವರೂ ಕ್ಯಾಂಡಲ್ ಹಿಡಿದು ಬರುವ ಊರು ನಮ್ಮದು, ಆದ್ದರಿಂದ ಬಾಯಮ್ಮನಿಗೆ ಆಶ್ಚರ್ಯವಾಗಲಿಲ್ಲ. ನೋಟನ್ನು ಪ್ರಾರ್ಥನೆ ಪುಸ್ತಕದೊಳಗೆ ಇಟ್ಟುಕೊಂಡು ಗಂಡನ ಹೆಸರೇನೆಂದು ಕೇಳಿ, ಮರೆಯದಂತೆ ಎರಡು ಸಲ ಬಾಯಲ್ಲಿ ಹೇಳಿಕೊಂಡರು. ಇದು ಗೊತ್ತುಮಾಡಿದ ಬಸ್ಸಿನಲ್ಲಿ ಆಗುವ ಮಾತಲ್ಲ. ಅಲ್ಲಿ ನಮ್ಮ ಬೇಡಿಕೆಗಳನ್ನು ಮಾತ್ರ ಹೊತ್ತುಕೊಂಡು ಹೋಗುತ್ತೇವೆ. ಇಲ್ಲಿ ಊರಿನವರದ್ದೂ ಸೇರುತ್ತದೆ. ನನ್ನ ಮಟ್ಟಿಗೆ ಸರ್ವಿಸ್ ಬಸ್ಸಿನ ಯಾತ್ರೆಯ ಪುಣ್ಯವೇ ಇದು.

ಕಟಪಾಡಿಯಲ್ಲಿ ಬಸ್ಸು ಸ್ವಲ್ಪ ಹೆಚ್ಚು ನಿಂತಿತು. ಶಂಕರಪುರದ ಮಲ್ಲಿಗೆ ಬರುವ ಹೊತ್ತು ಅದು. ಶಂಕರಪುರದ ಕ್ರೈಸ್ತ ಮನೆಗಳಲ್ಲಿ, ಸುತ್ತಲಿನ ಇತರ ಮನೆಗಳಲ್ಲಿ, ನಸುಕಿಗೆ ಎದ್ದು ಮೊಗ್ಗು ಕೊಯ್ದು, ಮನೆಮಂದಿಯೆಲ್ಲ ಕೂತು ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟುತ್ತಾರೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಟ್ಟೆಯ ದರ ದಿನ ದಿನಕ್ಕೂ ಬೇರೆ. ಮದುವೆ, ನೇಮ, ಜಾತ್ರೆಗಳ ಕಾಲದಲ್ಲಿ ಏರುತ್ತದೆ, ಶ್ರಾವಣಕ್ಕೆ ಮುಂಚೆ ಇಳಿಯುತ್ತದೆ. ಒಬ್ಬ ಹುಡುಗ ಓಡಿ ಬಂದು ಬಾಳೆಲೆ ಸುತ್ತಿದ ಕಟ್ಟುಗಳನ್ನು ಕಂಡಕ್ಟರನ ಕೈಗೆ ಕೊಟ್ಟ. ಕಂಡಕ್ಟರ್ ಯಾವುದು ಯಾರಿಗೆ ಎಂದು ಕೇಳಲೂ ಇಲ್ಲ. ಡ್ರೈವರನ ಪಕ್ಕದ ಇಂಜಿನ್ ಪೆಟ್ಟಿಗೆಯ ಬಿಸಿ ತಾಗದಂತೆ ತನ್ನ ಟವೆಲು ಹಾಸಿ ಅದರ ಮೇಲೆ ಇಟ್ಟ. ಆಮೇಲೆ ಉಡುಪಿಯವರೆಗೆ ಬಸ್ಸಿನಲ್ಲಿ ಬೆವರಿನ ವಾಸನೆ ಹೋಗಿ ಮಲ್ಲಿಗೆಯದ್ದೇ ಆಯಿತು. ಅದರಲ್ಲಿ ಎಷ್ಟು ಹೂ ದೇವಸ್ಥಾನಕ್ಕೆ, ಎಷ್ಟು ಮದುಮಗಳ ಜಡೆಗೆ, ಎಷ್ಟು ಮಾತೆ ಮರಿಯಳ ಪಾದಕ್ಕೆ ಎಂಬುದು ಕಟ್ಟಿದವರಿಗೆ ಗೊತ್ತಿರುವುದಿಲ್ಲ, ಅವರು ಕೇಳುವುದೂ ಇಲ್ಲ.

ಉಡುಪಿಯಲ್ಲಿ ಇಳಿದು ಬನ್ಸು, ಗೋಳಿಬಜೆ, ಚಹಾ. ಮಕ್ಕಳಿಗೆ ಐಸ್‌ಕ್ರೀಮು. ಅಲ್ಲಿಂದ ಕುಂದಾಪುರದ ಕಡೆಗೆ ಹೋಗುವ ಯಾವ ಸರ್ವಿಸ್ ಬಸ್ಸಾದರೂ ಆಗುತ್ತದೆ. ಸಂತೆಕಟ್ಟೆಯಲ್ಲಿ ಇಳಿದರೆ ಮಿಲಾಗ್ರಿಸ್ ನಡೆಯುವಷ್ಟೇ ದೂರ.

ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ 1678ರದ್ದು, ಆದರೆ ಕೆಥೆಡ್ರಲ್ ಆದದ್ದು ಮೊನ್ನೆ ಮೊನ್ನೆ. ಮಂಗಳೂರು ಧರ್ಮಪ್ರಾಂತದಿಂದ ಉಡುಪಿ ಜಿಲ್ಲೆಯನ್ನು ಬೇರ್ಪಡಿಸಿ 2012ರಲ್ಲಿ ಉಡುಪಿ ಧರ್ಮಪ್ರಾಂತ ಮಾಡಿದರು. ಶಿವಮೊಗ್ಗದಲ್ಲಿ ಬಿಷಪರಾಗಿದ್ದ ಜೆರಾಲ್ಡ್ ಐಸಾಕ್ ಲೋಬೊ ಇಲ್ಲಿನ ಮೊದಲ ಬಿಷಪರಾದರು. ಬೇರೆಯಾದ ಆ ದಿನಗಳಲ್ಲಿ ಹಳಬರಿಗೆ ಒಳಗೊಳಗೇ ಬೇಸರವಿತ್ತು. ರೊಸಾರಿಯೊ ನಮ್ಮದು ಎಂದು ಬೆಳೆದವರು ಒಂದು ಬೆಳಗ್ಗೆ ಎದ್ದು ಮಿಲಾಗ್ರಿಸ್ ನಮ್ಮದು ಎನ್ನಬೇಕಾಯಿತು. ನಮ್ಮ ಗುಂಪಿನಲ್ಲಿ ಹುಟ್ಟಿದ್ದು ಉದ್ಯಾವರದಲ್ಲಿ, ಮದುವೆಯಾಗಿ ಬಂದದ್ದು ಮಂಗಳೂರಿಗೆ ಎಂಬ ಹೆಂಗಸರು ಹಲವರಿದ್ದರು. ಅವರಿಗೆ ಇದು ತವರಿನ ಕೆಥೆಡ್ರಲ್. ಒಳಗೆ ಬಿಷಪರ ಪೀಠದ ಮುಂದೆ ನಿಂತು ಒಬ್ಬರು ಅತ್ತರು. ಯಾಕೆಂದು ಯಾರೂ ಕೇಳಲಿಲ್ಲ. ಹತ್ತು ರೂಪಾಯಿಯ ಕ್ಯಾಂಡಲನ್ನು ಬಾಯಮ್ಮ ಹಚ್ಚಿದ್ದು ಇಲ್ಲೇ. ಮೂಲ್ಕಿಯ ಅಜ್ಜಿಯ ಗಂಡನ ಹೆಸರನ್ನು ಗಟ್ಟಿಯಾಗಿ ಹೇಳಿದರು, ಉಳಿದವರೆಲ್ಲ ಆಮೆನ್ ಎಂದೆವು. ಊಟ ಅಂಗಳದ ಮರದ ಕೆಳಗೆ, ಕಟ್ಟಿಕೊಂಡು ಬಂದ ಸಾನ್ನಾ ಮತ್ತು ಕೋಳಿ ಗಸಿ.

ಬ್ರಹ್ಮಾವರಕ್ಕೆ ಅಲ್ಲಿಂದ ಬಸ್ಸಿನಲ್ಲಿ ಕೆಲವೇ ನಿಮಿಷ, ಸ್ವರ್ಣಾ ಸೇತುವೆ ದಾಟಿದರಾಯಿತು. ಆದರೆ ಈ ಕೆಲವು ನಿಮಿಷಗಳ ಅಂತರದ ಹಿಂದೆ ಒಂದು ದೊಡ್ಡ ಮನಸ್ತಾಪದ ಚರಿತ್ರೆಯಿದೆ. ಪೋರ್ಚುಗಲ್ ರಾಜನ ಆಶ್ರಯದಲ್ಲಿ, ಗೋವಾದ ಆರ್ಚ್‌ಬಿಷಪರ ಕೆಳಗೆ ಇದ್ದ ಇಗರ್ಜಿಗಳು ಒಂದು ಕಡೆ. ರೋಮ್ ನೇರವಾಗಿ ಕಳಿಸಿದವರ ಕೆಳಗಿನ ಇಗರ್ಜಿಗಳು ಇನ್ನೊಂದು ಕಡೆ. ಒಂದೇ ಊರಿನಲ್ಲಿ, ಒಂದೇ ಕುಟುಂಬದಲ್ಲಿ ಎರಡೂ ಕಡೆಯವರು. 1886ರಲ್ಲಿ ಹದಿಮೂರನೆಯ ಲಿಯೊ ಪೋಪರು ಪೋರ್ಚುಗಲ್ಲಿನೊಡನೆ ಒಪ್ಪಂದ ಮಾಡಿಕೊಂಡು ಕೆನರಾದ ಇಗರ್ಜಿಗಳನ್ನೆಲ್ಲ ಒ‍ಂದು ಆಡಳಿತಕ್ಕೆ ತಂದಾಗ ಗೋವಾದ ಕಡೆಯವರಲ್ಲಿ ಹಲವರು ಒಪ್ಪಲಿಲ್ಲ. ಗೋವಾದ ಪಾದ್ರಿ ಆಲ್ವಾರಿಸ್ ಕೇರಳದ ಆರ್ಥೊಡಾಕ್ಸ್ ಸಭೆಗೆ ಸೇರಿ 1889ರಲ್ಲಿ ಕೋಟ್ಟಯಂನಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಆರ್ಚ್‌ಬಿಷಪರಾದರು. ಬ್ರಹ್ಮಾವರ ಕಡೆಯ ಕೊಂಕಣಿ ಕುಟುಂಬಗಳನ್ನು ಅವರೊಂದಿಗೆ ನಿಂತು ಮುನ್ನಡೆಸಿದವರು ಪಾದ್ರಿ ರೋಕ್ ಜೆಫ್ರಿನ್ ನೊರೊನ್ಹಾ. 1936ರಲ್ಲಿ ತೀರಿಕೊಳ್ಳುವವರೆಗೆ ಅವರು ಈ ಜನರ ಜೊತೆಯಲ್ಲೇ ಇದ್ದರು. ಬ್ರಹ್ಮಾವರದ ಎಸ್‌ಎಂಎಸ್ ಕಾಲೇಜಿನ ಹೆಸರು ಬಸ್ಸಿನಲ್ಲಿ ಓಡಾಡುವ ಎಲ್ಲರಿಗೂ ಗೊತ್ತು. ಆ ಹೆಸರೊಳಗಿರುವುದು ಈ ಸೇಂಟ್ ಮೇರೀಸ್ ಸಿರಿಯನ್.

ಯಾರದ್ದು ಸರಿ, ಯಾರದ್ದು ತಪ್ಪು ಎಂದು ನೂರ ಮೂವತ್ತು ವರ್ಷಗಳ ಮೇಲೆ ನಾನು ತೀರ್ಪು ಕೊಡಲಾರೆ. ಎರಡೂ ಕಡೆ ಪ್ರಾಮಾಣಿಕರಿದ್ದರು. ನನಗೆ ನೋವಾಗುವುದು ಬೇರೆ ವಿಷಯಕ್ಕೆ. ಅದೇ ಅಡ್ಡಹೆಸರುಗಳು, ಅದೇ ಕೊಂಕಣಿ, ಅದೇ ಸಾನ್ನಾ. ಆದರೆ ಎಷ್ಟೋ ಕಾಲ ಮದುವೆ, ಮಸಣಗಳಲ್ಲಿ ಸಹ ಒಬ್ಬರ ಮುಖ ಒಬ್ಬರು ನೋಡುವುದು ಕಷ್ಟವಾಗಿತ್ತು ಎಂದು ಹಿರಿಯರು ಹೇಳುತ್ತಾರೆ. ನಮ್ಮ ಗುಂಪು ಬ್ರಹ್ಮಾವರ ಕೆಥೆಡ್ರಲ್ ಬಾಗಿಲಿಗೆ ಬಂದಾಗ ಅಲ್ಲಿನ ಕೆಲವು ಹೆಂಗಸರು ಕಾದಿದ್ದರು; ಗುರ್ಕಾರರು ಮೊದಲೇ ಫೋನ್ ಮಾಡಿದ್ದರು. ಬಲಿಪೀಠದ ಮುಂದೆ ಎಳೆಯುವ ಪರದೆಯನ್ನು ನಮ್ಮ ಮಕ್ಕಳು ಬೆರಗಿನಿಂದ ನೋಡಿದರು. ಸಿರಿಯನ್ ವಿಧಿ ಹೊಸದು, ಆದರೆ ಅವರು ಕೊಂಕಣಿಯಲ್ಲಿ ಪರಲೋಕ ಮಂತ್ರ ಶುರುಮಾಡಿದಾಗ ನಮ್ಮವರ ಬಾಯಿ ತಾನಾಗಿ ಜೊತೆಗೂಡಿತು. ಮುಗಿದ ಮೇಲೆ ಎರಡೂ ಕಡೆಯ ಬಾಯಮ್ಮಂದಿರು ನಿಮ್ಮ ತಾಯಿ ಮನೆ ಯಾವುದು, ಅಜ್ಜನ ಹೆಸರೇನು ಎಂದು ಕೇಳುತ್ತ ಹೋದಂತೆ, ಒಬ್ಬರಿಗೆ ಇನ್ನೊಬ್ಬರು ಮೂರನೆಯ ತಲೆಮಾರಿನಲ್ಲಿ ನೆಂಟರಾಗುತ್ತಾರೆಂಬುದು ಗೊತ್ತಾಯಿತು. ಕೊನೆಯ ಬಸ್ಸಿನ ಹೊತ್ತಾಯಿತೆಂದು ಎಬ್ಬಿಸಬೇಕಾದರೆ ಸಾಕುಸಾಕಾಯಿತು. ನೂರು ವರ್ಷ ದಾಟಿದ ಬಿರುಕನ್ನು ಪೋಪರೂ ಆರ್ಥೊಡಾಕ್ಸ್ ಸಭೆಯ ಕತೋಲಿಕೋಸರೂ ಕೂತು ಮಾತಾಡಿ ಮುಚ್ಚಬೇಕು, ಅದು ದೊಡ್ಡವರ ಕೆಲಸ. ಆದರೆ ಕಲ್ಯಾಣಪುರದಿಂದ ಬ್ರಹ್ಮಾವರಕ್ಕೆ ಬಸ್ಸು ಹತ್ತುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಇನ್ನೂ ಹೋಗಬೇಕಾದ ದಾರಿಗಳಿವೆ. ಬೆಳ್ತಂಗಡಿಯಲ್ಲಿ ಸೈರೊ ಮಲಬಾರ್ ಸಭೆಯ ಸಂತ ಲಾರೆನ್ಸರ ಕೆಥೆಡ್ರಲ್ ಇದೆ. ಕೇರಳದಿಂದ ಬಂದು ಕಾಡು ಕಡಿದು ರಬ್ಬರ್ ನೆಟ್ಟವರ ಧರ್ಮಪ್ರಾಂತ ಅದು, 1999ರಲ್ಲಿ ಆದದ್ದು. ಆ ದಾರಿಯಲ್ಲಿ ಧರ್ಮಸ್ಥಳಕ್ಕೆ ಹೋಗುವ ಸರಕಾರಿ ಬಸ್ಸುಗಳು ಬೇಕಾದಷ್ಟಿವೆ, ಹೆಂಗಸರಿಗೆ ಶಕ್ತಿಯೂ ಉಂಟು. ಮಂಜುನಾಥನ ಭಕ್ತರ ಜೊತೆಯಲ್ಲೇ ನಿಂತುಕೊಂಡು ಬೆಳ್ತಂಗಡಿಯಲ್ಲಿ ಇಳಿಯುವ ಆ ಯಾತ್ರೆಯನ್ನು ನಮ್ಮ ವಾಡೊದವರು ಈಗಲೇ ಗೊತ್ತುಮಾಡಿ ಇಟ್ಟಿದ್ದಾರೆ.

ಜುಬಿಲಿ ವರ್ಷ ಮುಗಿದಿದೆ, ಆದರೆ ಕೆಥೆಡ್ರಲ್‌ಗಳೂ ಅಲ್ಲೇ ಇವೆ, ಬಸ್ಸುಗಳೂ ಓಡುತ್ತಿವೆ. ನಿಮ್ಮ ವಾಡೊದಲ್ಲಿ, ನಿಮ್ಮ ಸಭೆಯಲ್ಲಿ ಈ ಮಾತು ಎತ್ತಿ ನೋಡಿ. ಹೋಗುವುದಾದರೆ ಕೆಲವು ಸಂಗತಿ ನೆನಪಿರಲಿ. ಶಾಲೆ, ಆಫೀಸಿನ ಹೊತ್ತು ಬಿಟ್ಟು ಹೊರಡಿ. ಭಾನುವಾರ ಬಸ್ಸು ಕಮ್ಮಿ, ಇಗರ್ಜಿಯವರಿಗೂ ಪುರುಸೊತ್ತಿರುವುದಿಲ್ಲ. ಬೇರೆ ಸಭೆಯ ಕೆಥೆಡ್ರಲ್‌ಗೆ ಹೋಗುವ ಮುಂಚೆ ಅಲ್ಲಿನ ಪಾದ್ರಿಗಳಿಗೆ ಒಂದು ಫೋನ್ ಮಾಡಿ. ಗುಂಪು ದೊಡ್ಡದಿದ್ದರೆ ಎರಡು ಬಸ್ಸಿಗೆ ಹಂಚಿಕೊಳ್ಳಿ, ನಿಂತಿರುವ ಅಜ್ಜಿಗೆ ಸೀಟು ಬಿಡಿ. ಕಂಡಕ್ಟರಿಗೆ ಕೊಡಲು ಚಿಲ್ಲರೆ ಇಟ್ಟುಕೊಳ್ಳಿ, ದಾರಿಯಲ್ಲಿ ಯಾರಾದರೂ ಕೇಳಿಕೊಂಡರೆ ಹಚ್ಚಲು ನಾಲ್ಕು ಕ್ಯಾಂಡಲ್ ಹೆಚ್ಚಿಗೆ ಇರಲಿ.